ಹೊಗೆಗೂಡು ಮುಗಿದಿತ್ತು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆಶ್ರಮದ್ದೇ ಒಂದು ಕಟ್ಟಡ ಕಂಪನಿ ಇತ್ತು. ಸುತ್ತಲಿನ ಊರುಗಳಲ್ಲಿ ಶಾಲೆ, ಮನೆ, ನೀರಿನ ಟಾಕಿ ಕಟ್ಟುತ್ತಿತ್ತು. ಬಂದ ಲಾಭ ದಾಸೋಹಕ್ಕೆ. ನೋಡಿಕೊಳ್ಳುವವನು ಶಿಷ್ಯ ಅಡಿವೆಪ್ಪ.

ಅಡಿವೆಪ್ಪ ಹುಬ್ಬಳ್ಳಿಗೆ ಹೋಗಿ ಕಂಪನಿಗೆಂದು ಒಂದು ಸಾಫ್ಟ್‌ವೇರ್ ಕಲಿತು ಬಂದ. ಬಸ್ಸಿಳಿದವನು ಟ್ಯಾಬ್ಲೆಟ್ ಹಿಡಿದು ನೇರ ಅಜ್ಜಾರ ಮುಂದೆ ಕೂತ. ಅಜ್ಜಾರು ಅವರೆಕಾಯಿ ಸುಲಿಯುತ್ತಿದ್ದರು.

“ಅಜ್ಜಾರ, ಇನ್ನ ನಮ್ಮ ಕಂಪನಿ ಪೂರಾ ಇದರಾಗ ಐತ್ರಿ.”

“ಭಾಳ ಸಣ್ಣದಾತಲ್ಲೋ.”

“ಹಂಗಲ್ರಿ. ಒಂದೊಂದು ಕೆಲಸಕ್ಕ ಒಂದೊಂದು ಸಾಲು. ಪಾಯಾ ಒಂದು ಸಾಲು, ಗ್ವಾಡಿ ಒಂದು ಸಾಲು. ಯಾವಾಗ ಮುಗೀಬೇಕು, ಎಷ್ಟು ರೊಕ್ಕ ತೆಗೆದಿಟ್ಟೀವಿ, ಯಾವ ಸಾಮಾನು ಬರಬೇಕು, ಎಲ್ಲಾ ಆ ಸಾಲಿನಾಗ. ಹೇಳಿದ ವ್ಯಾಳ್ಯಾಕ್ಕ ನಡೆದ್ರ ಹಸಿರು. ತಡಾ ಆದ್ರ ಕೆಂಪು.”

“ಮುಗಿದ್ರ?”

“ಮುಗೀತು ಅಂತ ಒತ್ತೋದು. ಹಸಿರಾಗಿ ತಳಕ್ಕ ಹೋಗಿಬಿಡ್ತೈತಿ. ಮತ್ತ ಅದರ ಚಿಂತಿ ಇಲ್ಲ.”

“ತೆಗೆದಿಟ್ಟ ರೊಕ್ಕದಾಗ ಮಿಕ್ಕಿದ್ರ?”

“ಉಳಿತಾಯಕ್ಕ ಬರ್ತೈತಿ. ತರಿಸೋ ಸಾಮಾನು ಬಾಕಿ ಇದ್ರ ಅದೂ ರದ್ದ ಆಗ್ತೈತಿ. ಎಲ್ಲಾ ತಾನ ಮಾಡ್ತೈತ್ರಿ.”

ಅಜ್ಜಾರು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು.

“ಮುಗೀತು ಅನ್ನೋದು ಅದಕ್ಕ ಹೆಂಗ ಗೊತ್ತಾಗ್ತೈತಿ? ಎದ್ದು ಹೋಗಿ ನೋಡಿ ಬರ್ತೈತೇನು?”

“ಇಲ್ರಿ. ನಾನ ಹೇಳ್ತೀನಿ. ಹೇಳಿದ್ದನ್ನ ನಂಬ್ತೈತಿ.”

“ನಿನಗಿಂತ ಛಲೋ ಶಿಷ್ಯ” ಎಂದರು ಅಜ್ಜಾರು. ಅವರೆಕಾಯಿಯ ಪುಟ್ಟಿಯನ್ನು ಅವನ ಮುಂದೆ ಸರಿಸಿದರು. “ಸುಲಿ.”

ಆ ವರ್ಷ ಕಂಪನಿ ಆಶ್ರಮಕ್ಕೇ ಒಂದು ಊಟದ ಮನೆ ಕಟ್ಟುತ್ತಿತ್ತು. ಮುಂದೆ ಪಂಕ್ತಿಗೆ ದೊಡ್ಡ ಜಾಗ. ಹಿಂದೆ, ಹೊಳೆಯ ಕಡೆ, ಅಡುಗೆಮನೆ.

ಆಶ್ರಮದ ಅಡುಗೆಯ ಯಜಮಾನಿಕೆ ಬಾಳವ್ವನದು. ಊರವರ ಲಗ್ನಗಳಿಗೆಲ್ಲ ಅಡುಗೆ ಮಾಡಿದವಳು. ಈಗ ಅವಳ ಮಗಳು ಶಿವಲೀಲಾಳ ಲಗ್ನ ಕೂಡಿತ್ತು. ಹೊಸ ಊಟದ ಮನೆಯಲ್ಲೇ ಮಾಡಬೇಕೆಂದು ಅವಳ ಆಸೆ.

“ಅಷ್ಟೊತ್ತಿಗೆ ಆಗ್ತೈತೇನಪ್ಪಾ ಅಡಿವೆಪ್ಪಣ್ಣ?”

ಅಡಿವೆಪ್ಪ ಪರದೆ ತೋರಿಸಿದ. ಬಾಳವ್ವನಿಗೆ ಓದು ಬಾರದು. ಹಸಿರು ಗೊತ್ತು. ಲಗ್ನಪತ್ರಿಕೆ ಅಚ್ಚಿಗೆ ಹೋಯಿತು.

ಅಡುಗೆಮನೆಯ ಹೊಗೆಗೂಡಿನ ಸಾಲು ಕೆಂಪಾದದ್ದು ಆಮೇಲೆ.

ಭಟ್ಟಿಯಿಂದ ಬಂದ ಇಟ್ಟಂಗಿ ಅರೆಬೆಂದಿತ್ತು. ಗೂಡು ಕಟ್ಟಲು ಬಂದ ಗೌಂಡಿ ಹುಸೇನಸಾಬ ಒಂದನ್ನು ಕೈಯಲ್ಲಿ ಮುರಿದು ತೋರಿಸಿದ.

“ಇದರಾಗ ಕಟ್ಟಿದ್ರ ಮೊದಲ ಬೆಂಕಿಗೆ ಬಾಯಿ ಬಿಡ್ತೈತಿ. ಬ್ಯಾರೆ ತರಿಸ್ರಿ. ಬಂದಕೂಡ್ಲೆ ಫೋನ್ ಹಚ್ರಿ, ಬರ್ತೀನಿ.”

ಹೊಗೆಗೂಡಿಗೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಕಿಂಡಿಗೆ ಒಂದು ತಗಡು ಮುಚ್ಚಿ ಅವನು ಹೋದ.

ಬೇರೆ ಇಟ್ಟಂಗಿ ತರಿಸಲು ಅಡಿವೆಪ್ಪ ಆ ಸಾಲಿನಲ್ಲಿ ಬರೆದ. ಇಡೀ ಪರದೆಯಲ್ಲಿ ಅದೊಂದೇ ಕೆಂಪು. ಅಡಿವೆಪ್ಪ ಎದ್ದಕೂಡಲೇ ನೋಡಿದ. ಉಂಡು ನೋಡಿದ. ಧ್ಯಾನಕ್ಕೆ ಕೂತರೂ ಅದೇ ಕಂಡಿತು.

ಇಟ್ಟಂಗಿ ಹೇಗೂ ಬರುತ್ತದೆ, ಹೊಗೆಗೂಡು ಹೇಗೂ ಮುಗಿಯುತ್ತದೆ ಎಂದುಕೊಂಡ. ಮುಗಿಯಿತು ಎಂದು ಒತ್ತಿದ.

ಎಲ್ಲ ಹಸಿರಾಯಿತು. ಅಂದು ಧ್ಯಾನ ಚೆನ್ನಾಗಿ ಆಯಿತು.

ಯಂತ್ರ ತನ್ನ ಕೆಲಸ ಮಾಡಿತು. ಮುಗಿದ ಕೆಲಸಕ್ಕೆ ಇಟ್ಟಂಗಿ ಏಕೆಂದು ಅದನ್ನು ರದ್ದು ಮಾಡಿತು. ತೆಗೆದಿಟ್ಟ ಹಣವನ್ನು ಉಳಿತಾಯಕ್ಕೆ ಸೇರಿಸಿತು. ಸಾಲನ್ನು ತಳಕ್ಕೆ ಕಳಿಸಿತು.

ಮರುದಿನ ಅಡಿವೆಪ್ಪ ಉಳಿತಾಯ ನೋಡಿ ಹಿಗ್ಗಿದ. ಯಾವ ಕೆಲಸದಿಂದ ಉಳಿದ ಹಣವೆಂದು ನೋಡಲಿಲ್ಲ. ಊಟದ ಮನೆಯ ಮುಂದಿನ ಮೆಟ್ಟಿಲಿಗೆ ಕರಿಯ ಹೊಳಪುಗಲ್ಲು ತರಿಸಿದ. ಅದರಲ್ಲಿ ಮುಖ ಕಾಣುತ್ತಿತ್ತು. ಅವನು ಎರಡು ಸಲ ನೋಡಿಕೊಂಡ.

ಹುಸೇನಸಾಬ ಫೋನಿಗೆ ಕಾದ. ಬರಲಿಲ್ಲ. ಪಕ್ಕದ ಊರಲ್ಲಿ ಬೇರೆ ಕೆಲಸ ಹಿಡಿದ.

ಅಜ್ಜಾರು ದಿನಾ ಬೆಳಿಗ್ಗೆ ಕೇಳುವರು. “ಹೆಂಗ ನಡದೈತಿ?”

“ಎಲ್ಲಾ ಹಸಿರ್ರಿ.”

ಒಂದು ದಿನ ಅವರು ಅಲ್ಲಿಗೇ ಬಿಡಲಿಲ್ಲ. “ಅಡಿಗಿಮನಿ?”

“ಅದಂತೂ ಮುಗದೈತ್ರಿ.”

“ಪೂರಾ?”

“ನೋಡ್ರಿ ಬೇಕಾದ್ರ.” ಅಡಿವೆಪ್ಪ ಪರದೆ ಮುಂದೆ ಹಿಡಿದ.

ಅಜ್ಜಾರು ಪರದೆ ನೋಡಲಿಲ್ಲ. ಅವನ ಮುಖ ನೋಡಿದರು.

“ಹಂಗಾದ್ರ ನಾಳೆ ಹಾಲು ಉಕ್ಕಸೂಣು.”

ಅಡಿವೆಪ್ಪನಿಗೆ ಒಳಗೆ ಏನೋ ಚುಚ್ಚಿತು. ಏನೆಂದು ತಿಳಿಯಲಿಲ್ಲ. ಪರದೆಯನ್ನು ಮೇಲಿಂದ ಕೆಳಗೆ ಸರಿಸಿದ. ಕೆಂಪು ಎಲ್ಲೂ ಇಲ್ಲ. ಹಾಗಾದರೆ ಏನೂ ಇಲ್ಲ ಎಂದುಕೊಂಡ.

ಮರುದಿನ ಆಶ್ರಮದವರೆಲ್ಲ ಹೊಸ ಅಡುಗೆಮನೆಯಲ್ಲಿ ಸೇರಿದರು. ಭಜನೆಯವರು ತಾಳ ತಂದರು. ಬಾಳವ್ವ ಇಳಕಲ್ ಸೀರೆ ಉಟ್ಟು ಬಂದಳು. ಶಿವಲೀಲಾ ಒಲೆಗೆ ಅರಿಶಿನ ಕುಂಕುಮ ಹಚ್ಚಿದಳು.

ನಾಲ್ಕು ಕಡ್ಡಿಯ ಸಣ್ಣ ಉರಿಗೆ ಹಾಲು ಉಕ್ಕಿತು. ಎಲ್ಲರ ಮುಖ ಅರಳಿತು.

“ಒಲಿ ಹೊತ್ತೇತಿ. ಸಜ್ಜಕಾನೂ ಆಗಿಬಿಡ್ಲಿ” ಎಂದರು ಅಜ್ಜಾರು. “ಬಾಳವ್ವ, ಕಟ್ಟಿಗಿ ಒಟ್ಟು.”

ಬಾಳವ್ವ ಒಟ್ಟಿದಳು.

ಹೊಗೆ ಮೇಲೆ ಹೋಯಿತು. ತಗಡಿಗೆ ಬಡಿಯಿತು. ತಿರುಗಿ ಕೆಳಗೆ ಬಂತು.

ಮೊದಲು ಭಜನೆ ನಿಂತಿತು. ಆಮೇಲೆ ತಾಳದವನು ಓಡಿದ. ಅವನ ಹಿಂದೆ ಎಲ್ಲರೂ ಓಡಿದರು. ಬಾಗಿಲಲ್ಲಿ ಇಬ್ಬರು ದಪ್ಪನೆಯ ಭಕ್ತರು ಸಿಕ್ಕಿಕೊಂಡರು. ಹಿಂದಿನವರು ನೂಕಿ ಬಿಡಿಸಿದರು. ಬಾಳವ್ವ ಸಜ್ಜಕದ ಪಾತ್ರೆ ಬಿಡದೆ ಹೊತ್ತು ತಂದಳು.

ಕೊನೆಗೆ ಬಂದವರು ಅಜ್ಜಾರು. ಮೂಗು ಕರ್ರಗಾಗಿತ್ತು. ಕಣ್ಣಲ್ಲಿ ಧಾರಾಕಾರ ನೀರು.

“ಅಡಿವೆಪ್ಪ, ನಿನ್ನ ಹಸಿರು ಭಾಳ ಖಾರ ಐತಿ.”

ಎಲ್ಲರೂ ಕೆಮ್ಮುತ್ತ ನಕ್ಕರು. ನಗುತ್ತ ಕೆಮ್ಮಿದರು. ಬಾಳವ್ವನೂ ನಕ್ಕಳು. ನಗುತ್ತಿದ್ದವಳು ನಿಲ್ಲಿಸಿದಳು.

“ಅಡಿವೆಪ್ಪಣ್ಣ, ಪತ್ರಿಕಿ ಹಂಚೇನಿ. ಲಗ್ನದ ಅಡಿಗಿ ಇದರಾಗ ಹೆಂಗ ಮಾಡ್ಲಿ?”

ಅಡಿವೆಪ್ಪನಿಗೆ ಈಗ ನೆನಪಾಯಿತು. ತಗಡು, ಇಟ್ಟಂಗಿ, ಫೋನು, ಎಲ್ಲ.

“ಹೊಗಿಗೂಡು ಆಗಿಲ್ಲವ್ವ. ಆಗೇತಿ ಅಂತ ನಾನ ಒತ್ತಿದ್ದೆ.”

“ಯಾಕಪ್ಪಾ?”

“ಆ ಕೆಂಪು ನೋಡಾಕ ಆಗ್ತಿರಲಿಲ್ಲ.”

ಬಾಳವ್ವ ಅವನ ಮುಖ ದಿಟ್ಟಿಸಿದಳು. “ಈಗ ಕನ್ನಡಿ ನೋಡಿಕೋ. ಎರಡೂ ಕಣ್ಣು ಕೆಂಪಗ ಅದಾವು.”

ಮತ್ತೆ ನಗೆ ಎದ್ದಿತು. ಅಡಿವೆಪ್ಪ ನಗಲಿಲ್ಲ. ಅಜ್ಜಾರ ಕಾಲ ಬಳಿ ಟ್ಯಾಬ್ಲೆಟ್ ಇಟ್ಟ.

“ತಪ್ಪಾತ್ರಿ. ಇದನ್ನ ಹುಬ್ಬಳ್ಳಿಗೆ ವಾಪಸ್ ಕೊಟ್ಟು ಬರ್ತೀನಿ.”

“ಅದು ಏನು ತಪ್ಪು ಮಾಡ್ತು?”

ಅಜ್ಜಾರು ಟ್ಯಾಬ್ಲೆಟ್ ಎತ್ತಿ ಅವನ ಕೈಗಿಟ್ಟರು.

“ತಗೋ. ಆ ಸಾಲು ಹುಡುಕು. ಮುಗಿದಿಲ್ಲ ಅಂತ ಒತ್ತು.”

ಅಡಿವೆಪ್ಪ ಒತ್ತಿದ. ತಳದಲ್ಲಿದ್ದ ಸಾಲು ಮೇಲೆ ಬಂತು. ಕೆಂಪಾಯಿತು.

“ಏನಂತೈತಿ?”

“ಇಟ್ಟಂಗಿ ತರಿಸಿಲ್ಲ ಅಂತೈತ್ರಿ. ರೊಕ್ಕ ಕಮ್ಮಿ ಬೀಳ್ತೈತಿ ಅಂತೈತಿ.”

“ಇದ್ದ ರೊಕ್ಕ ಎಲ್ಲಿ ಹೋತು?”

ಅಡಿವೆಪ್ಪ ಅಂಗಳದ ಕಡೆ ತಿರುಗಿದ. ಕರಿಯ ಕಲ್ಲುಗಳನ್ನು ಇನ್ನೂ ಕೂರಿಸಿರಲಿಲ್ಲ. ಸಾಲಾಗಿ ಒರಗಿ ಬಿಸಿಲಿಗೆ ಹೊಳೆಯುತ್ತಿದ್ದವು.

“ಅಲ್ಲಿ ನಿಂತೈತ್ರಿ.”

“ನೋಡಿದ್ಯಾ. ಅದು ಖರೇ ಹೇಳಾಕ ತಯಾರಿತ್ತು. ಬಾಯಿ ಮುಚ್ಚಿದಾಂವ ನೀನು.”

ಅಡಿವೆಪ್ಪ ಕಣ್ಣೊರೆಸಿಕೊಂಡ. ಹೊಗೆಗೋ ಏನೋ.

“ಅಜ್ಜಾರ, ನಿಮಗ ಮೊದ್ಲ ಗೊತ್ತಿತ್ತೇನ್ರಿ?”

“ದಿನಾ ಹೊಳ್ಯಾಗ ಜಳಕ ಮಾಡ್ತೀನಿ. ಅಲ್ಲಿಂದ ಮಾಳಿಗಿ ಕಾಣ್ತೈತಿ.”

“ಮತ್ತ ಹೇಳಬಾರದಿತ್ತೇನ್ರಿ?”

“ಹೇಳಿದ್ರ ಹೊಗಿಗೂಡು ಕಟ್ಟಿಸ್ತಿದ್ದಿ. ಮುಂದ ಮತ್ತೊಂದು ಹಸಿರು ಮಾಡ್ತಿದ್ದಿ.”

ಕಲ್ಲುಗಳು ಅಂದೇ ಟ್ರ್ಯಾಕ್ಟರ್ ಏರಿದವು. ಅಡಿವೆಪ್ಪನೂ ಜೊತೆಗೆ ಹೋದ. ಕಲ್ಲಿನ ವ್ಯಾಪಾರಿ ಟ್ರ್ಯಾಕ್ಟರಿನ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಕೊಟ್ಟ.

“ಯಾಕ್ರಿ, ಕಲ್ಲು ಛಲೋ ಇರಲಿಲ್ಲೇನು?”

“ಕಲ್ಲು ಛಲೋನ ಐತ್ರಿ” ಎಂದ ಅಡಿವೆಪ್ಪ. “ಹೊಗಿ ಹೋಗಾಕ ಜಾಗಾ ಇರಲಿಲ್ಲ.”

ವ್ಯಾಪಾರಿಗೆ ಅರ್ಥವಾಗಲಿಲ್ಲ. ಹಣ ಎಣಿಸಿಕೊಳ್ಳಿ ಎಂದ.

ಆಮೇಲೆ ಹುಸೇನಸಾಬನಿಗೆ ಫೋನು.

“ನಿಮ್ಮ ಫೋನ್ ಬರಲಿಲ್ಲ. ಆಶ್ರಮದವರು ಹೊಗಿ ಇಲ್ಲದ ಬೆಂಕಿ ಕಂಡುಹಿಡಿದಾರ ಅಂತ ತಿಳಕೊಂಡಿದ್ದೆ” ಎಂದ ಹುಸೇನಸಾಬ.

“ಹೊಗಿ ಕಂಡುಹಿಡಿದೀವಿ. ಲಗೂ ಬರ್ರಿ.”

ಬೇರೆ ಭಟ್ಟಿಯ ಇಟ್ಟಂಗಿ ಬಂತು. ಹುಸೇನಸಾಬ ಎರಡನ್ನು ತಾಗಿಸಿ ನೋಡಿದ. ಗಂಟೆಯ ಹಾಗೆ ದನಿ ಬಂತು. ಸರಿ ಎಂದು ತಲೆಯಾಡಿಸಿ ಏಣಿ ಹತ್ತಿದ. ಇಟ್ಟಂಗಿ ಹೊತ್ತವನು ಅಡಿವೆಪ್ಪ.

ಮಧ್ಯಾಹ್ನ ನಳ ಜೋಡಿಸುವವನು ಹತ್ತಿರ ಬಂದು ನಿಂತ. ತಲೆ ಕೆರೆದುಕೊಂಡ.

“ಅಡಿವೆಪ್ಪಣ್ಣ, ಕೆಂಪು ಹಾಕಿದ್ರ ಬೈಯಂಗಿಲ್ಲೇನು?”

“ಇಲ್ಲಪ್ಪ.”

“ಹಂಗಾದ್ರ ನಂದೂ ಒಂದು ಬರಕೋ. ಕೈ ತೊಳಿಯೋ ಕಡೆ ನಳ ಸೋರ್ತಾವು.”

ಅವನ ಹಿಂದೆ ಬಡಿಗ ಬಂದ. ಹಿತ್ತಲ ಬಾಗಿಲಿಗೆ ಚಿಲಕ ಕೂರುತ್ತಿರಲಿಲ್ಲ. ಅವನ ಹಿಂದೆ ವೈರಿಂಗಿನವನು. ಅವನದು ದೊಡ್ಡ ಕಥೆ.

ಸಂಜೆಗೆ ಪರದೆ ಕುಂಕುಮದ ಭರಣಿಯಾಗಿತ್ತು. ಅಡಿವೆಪ್ಪ ಅದನ್ನು ಅಜ್ಜಾರಿಗೆ ತೋರಿಸಿದ.

“ಹೆಂಗ ನಡದೈತಿ?”

“ಭಾಳ ಕೆಂಪ್ರಿ.”

“ಹಾಂ” ಎಂದರು ಅಜ್ಜಾರು. ಸಂತೋಷವಾದಂತೆ ಕಂಡರು. “ಈಗ ಗೊತ್ತಾತು ಎಲ್ಲಿಗೆ ಮಂದಿ ಕಳಸಬೇಕು ಅನ್ನೋದು.”

ಕೆಂಪಿದ್ದಲ್ಲಿಗೆ ಜನ ಹೋದರು. ಕಡಿಮೆ ಬಿದ್ದ ಸಾಮಾನು ಬಂತು. ಕೆಂಪು ಒಂದೊಂದಾಗಿ ಇಳಿಯಿತು. ಪ್ರತಿ ಸಲ ಒತ್ತುವ ಮೊದಲು ಅಡಿವೆಪ್ಪ ಎದ್ದು ಹೋಗಿ ನೋಡಿದ. ನಳ ತಿರುಗಿಸಿದ. ಚಿಲಕ ಎಳೆದ. ಹೊಗೆಗೂಡಿನ ಕೆಳಗೆ ಹಸಿ ಎಲೆ ಸುಟ್ಟ. ಹೊರಗೆ ಓಡಿ ಮೇಲೆ ನೋಡಿದ. ಹುಸೇನಸಾಬನ ಕೆಲಸದವರು ಅವನನ್ನು ನೋಡಿ ನಕ್ಕರು.

ಮುಂದಿನ ಮೆಟ್ಟಿಲು ಮಾತ್ರ ಹಾಗೇ ಉಳಿಯಿತು. ಅದಕ್ಕೆ ಹಣ ಇರಲಿಲ್ಲ. ಅಡಿವೆಪ್ಪ ಆ ಸಾಲನ್ನು ಕೆಂಪಾಗಿಯೇ ಬಿಟ್ಟ. ಎರಡು ಹಲಗೆ ಹಾಕಿಸಿದ.

ಲಗ್ನದ ದಿನ ಹೊಗೆ ನೆಟ್ಟಗೆ ಮೇಲೆ ಏರಿ ಹೊಳೆಯ ಕಡೆ ತಿರುಗಿತು.

ಬೀಗರು ಹಲಗೆಯ ಮೇಲೆ ಸಂಭಾಳಿಸಿಕೊಂಡು ಕಾಲಿಟ್ಟರು. “ಇಷ್ಟು ದೊಡ್ಡ ಮನಿ ಕಟ್ಟೀರಿ, ಮೆಟ್ಟಲ ಇಲ್ಲಲ್ರಿ ಬೀಗತಿ?”

“ಮೆಟ್ಟಲಕ್ಕಿಂತ ಮೊದ್ಲ ಹೋಳಿಗಿ ಬಂದಾವು” ಎಂದಳು ಬಾಳವ್ವ. “ಹತ್ರಿ ಮ್ಯಾಲ.”

ಬೀಗರು ಹತ್ತಿದರು. ಹೋಳಿಗೆಯ ಮುಂದೆ ಮೆಟ್ಟಿಲಿನ ಮಾತು ಮತ್ತೆ ಬರಲಿಲ್ಲ.

ವಧೂವರರ ತಲೆಯ ಮೇಲೆ ಅಕ್ಕಿಕಾಳು ಬಿತ್ತು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಬಿಸಿಲು ಇಳಿಯಿತು. ಅಜ್ಜಾರು ಬೇವಿನ ಗಿಡದ ಕೆಳಗೆ ಕೂತಿದ್ದರು. ಅಡಿವೆಪ್ಪ ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮುಖ ಬೆಳಗುತ್ತಿತ್ತು.

“ಅಜ್ಜಾರ, ಬಾಳವ್ವನ ಮಗಳ ಲಗ್ನಕ್ಕೂ ಇದರಾಗ ಒಂದು ಸಾಲು ಇಟ್ಟಿದ್ದೆ. ಅಕ್ಕಿಕಾಳು ಬಿತ್ತು. ಬೀಗರು ಉಂಡ್ರು. ಊರು ಉಂಡ್ತು. ಎಲ್ಲಾ ನಾನ ನಿಂತು ನೋಡೀನಿ. ಮುಗೀತು ಅಂತ ಒತ್ತಲೇನ್ರಿ?”

“ಬಾಳವ್ವ ಉಂಡಳೇನು?”

ಅಡಿವೆಪ್ಪ ಅಡುಗೆಮನೆಯ ಕಡೆ ನೋಡಿದ. “ಇನ್ನೂ ಇಲ್ರಿ.”

“ಹಂಗಾದ್ರ ಅದನ್ನ ಕೆಳಗಿಡು. ಆಕಿಗೆ ಎಲಿ ಹಾಕು.”