ಎರೆಯವ್ವನ ಉಪಚಾರ

ಭೂಮಿಯ ಮೈಯಿಂದ ಇನ್ನೂ ಹೊಸ ಬಟ್ಟೆಯ ವಾಸನೆ ಹೋಗಿರಲಿಲ್ಲ, ಆಗಿನ ಮಾತು. ಡೋಣಿ ಹೊಳೆಗೆ ಎತ್ತ ಹರಿಯಬೇಕು ಅನ್ನೋದೇ ಗೊತ್ತಿರದೆ ಅತ್ತಿತ್ತ ಓಡಾಡುತ್ತಿತ್ತು. ಗಾಳಿಗೆ ಬೇರೆ ಕೆಲಸ ಇರಲಿಲ್ಲ, ಎಲ್ಲರ ಮನೆ ಸುದ್ದಿ ಹೊತ್ತು ತಿರುಗುತ್ತಿತ್ತು.

ಹೊಳೆಯ ದಂಡೆಯಲ್ಲಿ ಎರೆಯವ್ವ ಇದ್ದಳು. ಕಪ್ಪು ಮಣ್ಣು. ಬಂದವರನ್ನು ಹಿಡಿದು ಕೂರಿಸಿ ಉಣ್ಣಿಸುವ ಮುದುಕಿ. ಮೇಲಿನ ದಿಬ್ಬದಲ್ಲಿ ಅವಳ ಅಕ್ಕ ಮರಡಿಯವ್ವ, ಬರೀ ಗರಸು, ಬರೀ ಕಲ್ಲು. ಇಬ್ಬರೂ ಒಂದೇ ಕರಿಕಲ್ಲಿನ ಮಕ್ಕಳು. ಆ ಕಲ್ಲು ನೆಲದೊಳಗಿಂದ ಬೆಂಕಿಯಾಗಿ ಉಕ್ಕಿ ಬಂದು ತಣ್ಣಗಾದದ್ದು. ತಂಗಿ ಮಳೆಯಲ್ಲಿ ನೆನೆದು, ಪುಡಿಯಾಗಿ, ಮೆತ್ತಗಾಗಿ ಕೆಳಗೆ ಇಳಿದಳು. ಅಕ್ಕ ಇಳಿಯಲಿಲ್ಲ. ಜಿಪುಣಿ ಅಂದರೆ ಜಿಪುಣಿ. ಮನೆಗೆ ಬಂದವರಿಗೆ ಬೆಲ್ಲ ಹೋಗಲಿ, ಒಂದು ತಂಬಿಗೆ ನೀರೂ ಇಲ್ಲ.

ತುಳಜಕ್ಕ ಮತ್ತು ಅವಳ ಗಂಡ ಮಲಕಾಜಪ್ಪ ದ್ರಾಕ್ಷಿ ರಸವನ್ನು ಮಡಿಕೆಯಲ್ಲಿ ಹುಳಿಸಿ ಕೆಂಪು ವೈನ್ ಮಾಡುವವರು. ಇದ್ದ ಒಂದೇ ಬಳ್ಳಿಯನ್ನು ಎರೆಯವ್ವನ ಮಡಿಲಿಗೆ ಹಾಕಿದರು.

ಶುರುವಾಯಿತು ನೋಡಿ ಉಪಚಾರ. ಬಳ್ಳಿ ಕಣ್ಣು ಬಿಡುವ ಮೊದಲೇ ನೀರು. ಕುಡಿದಾದ ಮೇಲೆ ಮತ್ತೆ ನೀರು. ಸಾಕು ಅಂದರೆ, ನಾಚಿಕೆ ಮಾಡಬೇಡ ಅಂತ ಇನ್ನಷ್ಟು. ಮಲಗಿದರೆ ಎಬ್ಬಿಸಿ ನೀರು. ಇಂಥವರ ಜೊತೆ ಯಾರು ಏಗ್ತಾರೆ? ಎಲ್ಲ ಬಾಯಿಗೇ ಬರುವಾಗ ಬಳ್ಳಿ ಬೇರನ್ನು ಒಂದು ಗೇಣೂ ಚಾಚಲಿಲ್ಲ. ಎಲೆ ಮೊರದಗಲ ಆಯಿತು. ಹಣ್ಣು ಮಳೆಗಾಲದ ಕಪ್ಪೆಯ ಗಂಟಲಿನ ಹಾಗೆ ಊದಿತು. ಸಿಪ್ಪೆ ಮಾತ್ರ ಉಳ್ಳಾಗಡ್ಡಿ ಪೊರೆಗಿಂತ ತೆಳ್ಳಗೆ.

ಆ ವರ್ಷದ ವೈನನ್ನು ಬಾಯಿಗೆ ಹಾಕಿಕೊಂಡ ಮಲಕಾಜಪ್ಪ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಮಡಿಕೆ ತೊಳೆದ ನೀರನ್ನು ಇದರಲ್ಲಿ ಸುರಿದವರು ಯಾರು ಅಂತ ಕೇಳಿದ. ಮರುವರ್ಷವೂ ಅದೇ. ತುಳಜಕ್ಕನಿಗೆ ರೋಸಿಹೋಯಿತು.

“ಇನ್ನೊಂದು ಸಲ ನೋಡ್ತೀನಿ ನೋಡವಾ,” ಅಂದಳು ಬಳ್ಳಿಗೆ. “ಆಗೂ ಇದೇ ನೀರು ಕೊಟ್ಟಿ ಅಂದ್ರ ನಿನ್ನ ಕಿತ್ತು ಒಲಿಗೆ ಹಾಕಿ, ಇಲ್ಲಿ ಜೋಳ ಬಿತ್ತತೀನಿ.”

ಬಳ್ಳಿ ನಡುಗಿತು. ನೀರು ಕಡಿಮೆ ಮಾಡು ಅಂತ ಎರೆಯವ್ವನ ಕಾಲು ಹಿಡಿಯಿತು. ಆಗಲಿ ಅಂತ ಅವಳು ಆಣೆ ಮಾಡಿದಳು. ಬೆಳಗಾದರೆ ಮತ್ತೆ ಬೇರುಗಳೆಲ್ಲ ಒದ್ದೆ.

“ಇದು ನೀರಲ್ಲ ಯವ್ವಾ,” ಅಂದಳು ಎರೆಯವ್ವ. “ಬರೇ ತಂಪು.”

ಬಳ್ಳಿ ಅಳುತ್ತಾ ಕೂತಾಗ ಗಾಳಿ ಬಂತು. ಏನೂ ಕೊಡದವರು ಬೇಕಿದ್ದರೆ ದಿಬ್ಬದ ಮೇಲೆ ಒಬ್ಬಳಿದ್ದಾಳೆ ಅಂತ ಹೇಳಿ ಹೋಯಿತು. ಬಳ್ಳಿ ತುಳಜಕ್ಕನನ್ನು ಕರೆಯಿತು.

“ಅಕ್ಕಾ, ಒಲಿಗೆ ಹಾಕೂ ಬದಲು ಮರಡಿಗೆ ಹಾಕು. ಸಾಯೂದಾದ್ರ ಎಲ್ಲಾದ್ರೇನು.”

ಕಲ್ಲಿನ ಮೇಲೆ ದ್ರಾಕ್ಷಿ ನೆಟ್ಟರೆ ಕಾಗೆಗಳೂ ನಗುತ್ತವೆ ಅಂತ ಮಲಕಾಜಪ್ಪ ಗೊಣಗಿದ. ಗೊಣಗುತ್ತಲೇ ಹೊತ್ತುಕೊಂಡು ಹೋಗಿ ನೆಟ್ಟ.

ಬಳ್ಳಿ ಮರ್ಯಾದೆಯಿಂದ ಕಾಯಿತು. ಮರಡಿಯವ್ವ ತಿರುಗಿಯೂ ನೋಡಲಿಲ್ಲ. ಕೊನೆಗೆ ಬಾಯಿಬಿಟ್ಟು ಕೇಳಿತು.

“ಆಯಿ, ನೀರು?”

“ಕೆಳಗ ಕಲ್ಲಿನ ಸಂದ್ಯಾಗ ಚೂರು ಅದ. ಬೇಕಂದ್ರ ಹೋಗಿ ಕುಡಿ. ನಾ ಏನ್ ಎದ್ದು ಕೊಡಂಗಿಲ್ಲ.”

ಬಳ್ಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯುತ್ತ ಬೇರನ್ನು ಸಂದಿಗೆ ತುರುಕಿತು. ಇನ್ನೂ ಕೆಳಗೆ, ಇನ್ನೂ ಬೈಗುಳ. ಎಲೆ ಬೆಳೆಸುವ ಪುರುಸೊತ್ತು ಎಲ್ಲಿ? ಹಣ್ಣು ಕಡಲೆಯಷ್ಟೇ ಆಯಿತು. ಸಿಪ್ಪೆ ದಪ್ಪ, ಬಣ್ಣ ಕಾಡಿಗೆ. ಹಗಲು ಕಾದ ಕಲ್ಲು ಸಂಜೆಯಲ್ಲೂ ಗೊಂಚಲನ್ನು ಬೆಚ್ಚಗಿಟ್ಟಿತು.

ಆ ಸಲ ಮಲಕಾಜಪ್ಪ ಕುಡಿದು ಬಟ್ಟಲನ್ನು ಮತ್ತೆ ಚಾಚಿದ. ಅವನ ಹಲ್ಲೆಲ್ಲ ನೇರಳೆ. ಜೋಳದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆದರೆ ಬಳ್ಳಿ ನಿನ್ನ ಅಕ್ಕನ ಮನೆಯಲ್ಲಿ ಬಾಯಾರಿ ಕೂತಿದೆ ಅಂತ ಗಾಳಿ ಹೋಗಿ ಎರೆಯವ್ವನಿಗೆ ಚಾಡಿ ಹೇಳಿತು. ಅವಳ ಎದೆ ಬಿರಿಯಿತು. ಅವಳ ಗೋಳು ಕೇಳಲಾಗದೆ ತುಳಜಕ್ಕ ಆ ಬಳ್ಳಿಯದೇ ಒಂದು ಕಡ್ಡಿ ಮುರಿದು ಕೆಳಗೂ ನೆಟ್ಟಳು.

ಅದಕ್ಕೇ ಆ ಮನೆತನದ ಮರಡಿ ಹೊಲದ ವೈನ್ ಇಂದಿಗೂ ಕಪ್ಪುಗೆಂಪು, ಕೆಳಗಿನ ಹೊಲದ್ದು ತೆಳುಗೆಂಪು. ಬೇಸಿಗೆಯಲ್ಲಿ ಎರೆ ಹೊಲ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟದ್ದು ಕಂಡರೆ, ಅದು ಎರೆಯವ್ವ ದಿಬ್ಬದ ಕಡೆ ಬಾಯಿ ತೆರೆದು ಬಳ್ಳಿಯನ್ನು ಊಟಕ್ಕೆ ಕರೆಯುತ್ತಿರುವುದು.