ಬಾಟಲಿ ಶಾಲು ಹೊದ್ದ ರಾಜ

ಕೇಳ್ರಪ್ಪಾ, ಹತ್ತಿರ ಬಂದು ಕೂತ್ಕೊಳ್ಳಿ. ಈ ಕಥೇನ ನನ್ನಷ್ಟು ಜೋರಾಗಿ ಹೇಳೋನು ಸುತ್ತ ಹತ್ತು ಹಳ್ಳೀಲಿ ಇಲ್ಲ!

ಕೆಂಚನಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನ ಅರಮನೆ ಮುಂದೆ ಒಂದು ಕೆರೆ. ಕೆರೇಲಿ ನೀರು ಕಾಣ್ತಿತ್ತಾ? ಎಲ್ಲಿ ಬಂತು! ಬರೀ ಪ್ಲಾಸ್ಟಿಕ್ ಬಾಟಲಿ. ಜನ ಷರಬತ್ತು ಕುಡಿಯೋದು, ಬಾಟಲಿ ಎಸೆಯೋದು. ಕುಡಿಯೋದು, ಎಸೆಯೋದು.

ಎಣ್ಣೆ ಸಾಹುಕಾರ ಭರಮಣ್ಣ ಆಸ್ಥಾನಕ್ಕೆ ಬಂದ. "ಮಹಾಸ್ವಾಮಿ, ಕೆರೆ ಸತ್ತುಹೋಗಿದೆ. ನನಗೆ ಕೊಡಿ. ಅದನ್ನ ಮುಚ್ಚಿ, ಆಚೆ ಊರಲ್ಲಿ ತೋಡಿರೋ ಹಾಗೆ ಇಲ್ಲೂ ಎಣ್ಣೆಬಾವಿ ತೋಡ್ತೀನಿ. ಆ ಎಣ್ಣೆಯಿಂದ ಪಾಲಿಸ್ಟರ್ ನೂಲು ತೆಗೆದು ನಾಡಿಗೆಲ್ಲ ಬಟ್ಟೆ ಉಡಿಸ್ತೀನಿ."

ಆ ಕೆರೇಲಿ ಮೀನು ಹಿಡಿದು ಬದುಕೋ ತಿಪ್ಪವ್ವ ಗುಂಪು ಸೀಳಿಕೊಂಡು ಬಂದಳು. "ಬುದ್ಧೀ, ಬಾವಿ ಯಾಕೆ? ಬಾಟಲಿ ಆಗಿರೋದೂ ಅಂಥ ಎಣ್ಣೇಲೇ. ಬಾಟಲಿಯಿಂದಲೇ ನೂಲು ತೆಗೀತೀನಿ. ನಮ್ಮ ಕೆರೆ ಉಳಿಸಿ."

ಸಾಹುಕಾರ ಹೊಟ್ಟೆ ಹಿಡ್ಕೊಂಡು ನಕ್ಕ. "ಹೆಸರೂ ತಿಪ್ಪವ್ವ, ತರೋದೂ ತಿಪ್ಪೆ!"

ರಾಜ ಅಂದ, "ಹುಣ್ಣಿಮೆಗೆ ನನಗೊಂದು ಬಾಟಲಿ ನೂಲಿನ ಶಾಲು ತಾ. ತಂದರೆ ಕೆರೆ ನಿಮ್ಮದು. ಇಲ್ಲದಿದ್ದರೆ ಸಾಹುಕಾರಂದು."

ಮೀನುಗಾರರ ಹಟ್ಟಿಯೆಲ್ಲ ಕೆರೆಗಿಳೀತು. ಬಾಟಲಿ ಬಾಚಿದರು, ಮುಚ್ಚಳ ಕಿತ್ತರು, ಚೂರುಚೂರು ಕತ್ತರಿಸಿದರು.

ಸಾಹುಕಾರ ಸುಮ್ಮನಿರ್ತಾನಾ? ಆಳು ಬಿಟ್ಟು ಚೂರಿನ ಮೇಲೆ ಕೆಸರು ಸುರಿಸಿದ. ತಿಪ್ಪವ್ವ ಬಿಸಿನೀರಲ್ಲಿ ಉಜ್ಜಿ ತೊಳೆದಳು. ಕೆಸರೂ ಹೋಯ್ತು, ಹಳೇ ಷರಬತ್ತಿನ ಅಂಟೂ ಹೋಯ್ತು.

ಆಮೇಲೆ ಸಾಹುಕಾರ ಮುಚ್ಚಳದ ಚೂರು ಬೆರೆಸಿದ. ಮುಚ್ಚಳ ಬೇರೆ ಜಾತಿ ಪ್ಲಾಸ್ಟಿಕ್, ಅದು ಸೇರಿದರೆ ನೂಲು ಕೆಡುತ್ತೆ ಅಂತಲೇ. ತಿಪ್ಪವ್ವ ಎಲ್ಲಾನೂ ನೀರಿನ ತೊಟ್ಟಿಗೆ ಹಾಕಿದಳು. ಮುಚ್ಚಳ ತೇಲ್ತು, ಬಾಟಲಿ ಮುಳುಗ್ತು. ತೇಲಿದ್ದನ್ನ ಬಾಚಿ ಅವನ ಜಗಲಿ ಮೇಲೇ ಸುರಿದಳು. "ತಗೊಳ್ಳಿ ಸಾಹುಕಾರ್ರೇ, ನಿಮ್ಮ ಸಾಮಾನು!"

ಕೊನೆಗೆ, ಒಣಗಿದ ಚೂರಿಗೆ ನೀರು ಚೆಲ್ಲಿಸಿದ. ತೇವ ಇದ್ದರೆ ನೂಲು ಪಟಪಟ ಹರಿಯುತ್ತೆ. ತಿಪ್ಪವ್ವ ಬಂಡೆ ಮೇಲೆ ಹರವಿ ಮತ್ತೆ ಗರಿಗರಿ ಒಣಗಿಸಿದಳು.

ಚೂರನ್ನ ಒಲೆ ಮೇಲೆ ಕರಗಿಸಿದಳು. ಶಾವಿಗೆ ಒತ್ತಿದ ಹಾಗೆ ಸಣ್ಣ ತೂತಿನಿಂದ ಒತ್ತಿದಳು. ಬಂತು ನೋಡಿ ಎಳೆ! ಹೊಸೆದು, ಮಗ್ಗಕ್ಕೇರಿಸಿ, ನೇಯ್ದೇಬಿಟ್ಟಳು.

ಹುಣ್ಣಿಮೆ ದಿನ ರಾಜ ಶಾಲು ಹೊದ್ದ. ಸಭೆಗೆ ಸಭೆಯೇ ಬಾಯಿ ಬಿಟ್ಕೊಂಡು ನೋಡ್ತು. ಸಾಹುಕಾರ ಎಗರಿ ಬಂದ. "ಮೋಸ! ಇದು ನನ್ನ ಉಗ್ರಾಣದ ಹೊಸ ಎಣ್ಣೆ ನೂಲು, ಕದ್ದಿದ್ದಾಳೆ! ಅದೇ ಹೊಳಪು, ಅದೇ ನುಣುಪು, ಅದೇ ಗಟ್ಟಿ!"

"ಒಂಚೂರು ಕಿಟಕಿ ತೆಗೀರಿ ಬುದ್ಧೀ," ಅಂದಳು ತಿಪ್ಪವ್ವ.

ತೆಗೆದರೆ, ಕೆರೇಲಿ ಒಂದು ಬಾಟಲಿ ಇಲ್ಲ! ನೀರು ಥಳಥಳ. ದಂಡೆ ಮೇಲೆ ಇಡೀ ಹಟ್ಟಿ ಅಂಥದೇ ಶಾಲು ಹೊದ್ದು ನಿಂತಿದೆ.

ರಾಜ ಗಹಗಹಿಸಿ ನಕ್ಕ. "ಅಷ್ಟೂ ಬಾಟಲಿ ಎಲ್ಲಿಗೆ ಹೋಯ್ತು ಅಂತ ಕಣ್ಣಿಗೇ ಕಾಣ್ತಿದೆ. ಈ ನೂಲು ಹೊಸದಕ್ಕೆ ಸಮ ಅಂತ ನೀನೇ ಸಾಕ್ಷಿ ಹೇಳಿದೆ. ಇನ್ನು ಬಾವಿ ಯಾಕಯ್ಯಾ?"

"ಹೊಸ ನೂಲು ತೆಗೆಯೋದಕ್ಕಿಂತ ಇದಕ್ಕೆ ಸೌದೇನೂ ಕಮ್ಮಿ ಸಾಕು ಬುದ್ಧೀ," ಅಂದಳು ತಿಪ್ಪವ್ವ.

ಕೆರೆ ಹಟ್ಟಿಯವರಿಗೆ ಉಳೀತು. ಸುಳ್ಳು ದೂರು ಹೇಳಿದ ತಪ್ಪಿಗೆ, ರಾಜನ ಅಪ್ಪಣೆಯಂತೆ, ಭರಮಣ್ಣನಿಗೆ ಮನೆಮನೆ ಬಾಟಲಿ ಆಯೋ ಕೆಲಸ ಬಿತ್ತು. ಮೂಟೆ ಹೊತ್ತು ಬಂದಾಗಲೆಲ್ಲ ತಿಪ್ಪವ್ವ ಕೂಗ್ತಿದ್ದಳು, "ಮುಚ್ಚಳ ಕಿತ್ತಿದ್ದೀರಾ ಸಾಹುಕಾರ್ರೇ?"

ಇಷ್ಟೇ ನೀತಿ, ಮರೀಬೇಡಿ: ಇರೋದನ್ನೇ ಮತ್ತೆ ಬಳಸಿದರೆ ನೆಲ ಬಗೆಯೋದು ತಪ್ಪುತ್ತೆ, ಕೆರೇನೂ ಉಳಿಯುತ್ತೆ.