ತಟ್ಟೆಯಲ್ಲಿಟ್ಟ ಕಲ್ಲು

ಶಸ್ತ್ರವೈದ್ಯನಾಗಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮ್ಮ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಬದುಕಿದವರೆಷ್ಟು, ಸತ್ತವರೆಷ್ಟು ಎಂದು ನಾವಾಗಿಯೇ ಬರೆದು ಬೇರೆ ವೈದ್ಯರಿಗೆ ತೋರಿಸುತ್ತೇವೆ, ತಪ್ಪು ತಿದ್ದಿಕೊಳ್ಳುವುದಕ್ಕೆ. ಈಗ ವಿಮೆಯವರು ಅದನ್ನೇ ನೋಡಿ ಆಸ್ಪತ್ರೆಗಳಿಗೆ ದರ್ಜೆ ಕೊಡುತ್ತಾರಂತೆ. ಈ ತಿಂಗಳು ಒಂದು ಸಾವಾಗಿದೆ. ಅದನ್ನು ಬರೆಯದೆ ಬಿಟ್ಟರೆ ತಪ್ಪೇ?"

ಗುರು ಹೇಳಿದರು:

ಒಂದು ಊರಿನಲ್ಲಿ ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ವೈದ್ಯರಿದ್ದರು. ರೋಗಿ ಬದುಕಿದರೆ ಕಲ್ಲನ್ನು ಅವನ ಕೈಗೇ ಕೊಡುತ್ತಿದ್ದರು. ಸತ್ತರೆ ವೈದ್ಯ ಇಟ್ಟುಕೊಳ್ಳುತ್ತಿದ್ದ. ವರ್ಷಕ್ಕೊಮ್ಮೆ ಎಲ್ಲರೂ ಒಂದು ತಟ್ಟೆಯ ಸುತ್ತ ಕೂತು, ಆ ಕಲ್ಲುಗಳನ್ನು ಅದರಲ್ಲಿಟ್ಟು, ಸತ್ತವನ ಹೆಸರು ಹೇಳಿ, ಕೈ ಎಲ್ಲಿ ತಪ್ಪಿತೆಂದು ಹೇಳುತ್ತಿದ್ದರು. ಇಡಲೇಬೇಕೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ.

ಊರಿನವರಿಂದ ವರ್ಷಕ್ಕಿಷ್ಟು ಹಣವೆಂದು ಪಡೆದು, ಅವರ ಚಿಕಿತ್ಸೆಯ ಖರ್ಚನ್ನು ಒಬ್ಬ ವರ್ತಕ ಕೊಡುತ್ತಿದ್ದ. ಒಂದು ಸಲ ವೈದ್ಯರು ಸೇರಿದ್ದಾಗ ಅವನು ಬಾಗಿಲಲ್ಲಿ ನಿಂತು ನೋಡಿದ. ಮುದುಕ ವೈದ್ಯನೊಬ್ಬ ಏಳು ಕಲ್ಲು ಇಟ್ಟ. ಇನ್ನೊಬ್ಬ ಒಂದನ್ನೂ ಇಡಲಿಲ್ಲ. ಹೆಸರುಗಳನ್ನು ಕೇಳುವಷ್ಟು ಹೊತ್ತು ವರ್ತಕ ನಿಲ್ಲಲಿಲ್ಲ. ಏಳು ಕಲ್ಲಿನವನ ಹತ್ತಿರ ಹೋದವರಿಗೆ ಖರ್ಚು ಕೊಡುವುದಿಲ್ಲವೆಂದು ಸಾರಿಸಿದ.

ಮರುವರ್ಷ ತಟ್ಟೆಯಲ್ಲಿ ಒಂದು ಕಲ್ಲೂ ಇರಲಿಲ್ಲ. ವರ್ತಕನಿಗೆ ಸಂತೋಷವಾಯಿತು.

ಅದರ ಮರುವರ್ಷ ವರ್ತಕನ ತಮ್ಮನಿಗೇ ಕಲ್ಲಾಯಿತು. ಎಂದೂ ಕಲ್ಲಿಡದ ಆ ವೈದ್ಯ ಪರೀಕ್ಷಿಸಿ, "ದೊಡ್ಡದು, ಯಜಮಾನರೇ. ಇಂಥದ್ದನ್ನು ನಾನು ಯಾವತ್ತೂ ಮುಟ್ಟಿದವನಲ್ಲ" ಎಂದ. ಉಳಿದವರೂ ಒಲ್ಲೆವೆಂದರು. ವರ್ತಕ ಮುದುಕನ ಮನೆಗೆ ಓಡಿದ.

"ಬನ್ನಿ, ಬನ್ನಿ. ಕಲ್ಲು ಎಣಿಸುವುದಕ್ಕೆ ಬಂದಿರೋ?" ಎಂದ ಮುದುಕ.

"ನನ್ನ ತಮ್ಮ ಸಾಯುತ್ತಿದ್ದಾನೆ. ದೊಡ್ಡ ಕಲ್ಲು ತೆಗೆಯುವುದು ನಿಮಗೊಬ್ಬರಿಗೇ ಗೊತ್ತಂತೆ."

"ಏಳನೆಯವನು ಸತ್ತಾಗ ಗೊತ್ತಾಯಿತು. ಅವತ್ತು ತಟ್ಟೆಯ ಮುಂದೆ ಹೇಳಿದ್ದೆ. ನೀವು ಹೊರಟುಹೋಗಿದ್ದಿರಿ." ಮುದುಕ ಬಲಗೈ ಚಾಚಿದ. "ಎರಡು ವರ್ಷದಿಂದ ಇದು ಕತ್ತಿ ಹಿಡಿದಿಲ್ಲ. ಅವತ್ತು ಕೇಳಿಸಿಕೊಂಡ ಕಿರಿಯ ವೈದ್ಯರಿಗೆ ಕೊಯ್ಯುವ ಧೈರ್ಯವಿಲ್ಲ."

ಆದರೂ ಮುದುಕ ಬಂದ. ಕೊಯ್ದ. ತಮ್ಮ ಉಳಿಯಲಿಲ್ಲ.

ಆ ವರ್ಷ ಸೇರುವ ದಿನ ಬೇರೆ ವೈದ್ಯರು ಯಾರೂ ಬರಲಿಲ್ಲ. ಮುದುಕ ಕಲ್ಲನ್ನು ತೊಳೆದು ತಟ್ಟೆಯಲ್ಲಿಟ್ಟ. ಹೆಸರು ಹೇಳಿದ. ಕೈ ಎಲ್ಲಿ ತಪ್ಪಿತೆಂದು ಹೇಳಿದ. ಎದುರಿಗೆ ಕೂತು ಕೊನೆಯವರೆಗೂ ಕೇಳಿದವನು ವರ್ತಕನೊಬ್ಬನೇ.

ಕತೆ ಮುಗಿಯಿತು. ಗುರು ಶಿಷ್ಯನ ಕಡೆ ತಿರುಗಿ ಕೇಳಿದರು:

"ಈ ತಿಂಗಳು ಸತ್ತವರ ಹೆಸರೇನು?"